ಜ್ವರ ಎದ್ದ ಎಂಟು ದಿನ

ಹೊಸ್ತಿಲು ಎಂಬ ಮಾತು ಬರಲಿಲ್ಲ. ಕುಸುಮ ಸೀಮೆಸುಣ್ಣದ ಕೈಯನ್ನು ಕರಿಹಲಗೆಗೆ ಊರಿಕೊಂಡೇ ನಿಂತಳು. ಪಾಠದ ಕಥೆಯ ಹೆಂಗಸು ಗಂಟು ಹಿಡಿದು ಬಾಗಿಲವರೆಗೆ ಬಂದಿದ್ದಳು, ಅಲ್ಲಿ ಅಡ್ಡಲಾಗಿ ಹಾಕಿದ ಮರವನ್ನು ಅವಳು ದಾಟಬೇಕಿತ್ತು. ಅದರ ಅರಿಸಿನ, ನಡು ಸವೆದು ದೋಣಿಯಂತಾದ ಅದರ ಬೆನ್ನು, ಸಂದಿಯಲ್ಲಿ ಸಿಕ್ಕಿಕೊಂಡ ಅಕ್ಕಿಕಾಳು ಎಲ್ಲವೂ ಕುಸುಮಳಿಗೆ ಕಾಣುತ್ತಿತ್ತು, ಹೆಸರೊಂದು ಇರಲಿಲ್ಲ. "ಅವಳು ಆ... ಬಾಗಿಲಿನ ಕೆಳಗಿನ..." ಎಂದಳು. ಯಳಂದೂರಿನ ಜೂನಿಯರ್ ಕಾಲೇಜಿನ ಐವತ್ತೆರಡು ಮಕ್ಕಳು ಮೇಡಂ ಏನೋ ಆಟ ಹೂಡಿದ್ದಾರೆಂದು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಎರಡನೇ ಬೆಂಚಿನ ದೀಪ ಮೆಲ್ಲಗೆ, ಕಣ್ಣು ಕಾಣದವರಿಗೆ ಕೈ ಕೊಡುವ ಹಾಗೆ, "ಹೊಸ್ಲಾ ಮಿಸ್?" ಎಂದಳು. "ಹೌದು, ಹೊಸ್ತಿಲು," ಎಂದು ಕುಸುಮ ಹಲಗೆಯ ಮೇಲೆ ಅದನ್ನು ಬರೆದಳು, ಬರೆಯುವ ಅಗತ್ಯವೇನೂ ಇರದಿದ್ದರೂ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ಹುಡುಗಿಯ ದನಿಯಲ್ಲಿದ್ದ ಕರುಣೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಇವಳಿಗಿಂತ ಸ್ವಲ್ಪ ಚಿಕ್ಕವಳಿದ್ದಾಗ, ಮಾತಿಗೆ ತಡಕಾಡುವ ಒಬ್ಬಳಿಗೆ ಕುಸುಮ ಹೀಗೆ ಕೈ ಕೊಟ್ಟಿರಲಿಲ್ಲ. ಕಲ್ಲು ಎಸೆದ ಹಾಗೆ ಎಸೆದಿದ್ದಳು. "ಮೊರ ಅತ್ತೆ, ಮೊರ! ಮೊರ ಅನ್ನಕ್ಕೆ ಒಂದ್ ಒತ್ತು ಬೇಕಾ ನಿಂಗೆ?" ಸೋದರತ್ತೆ ಚಿಕ್ಕಮಾದಮ್ಮ ಎರಡೂ ಕೈ ಅಗಲಿಸಿ ಗಾಳಿಯಲ್ಲಿ ಮೊರದ ಆಕಾರ ಮಾಡಿಕೊಂಡು ನಿಂತಿರುತ್ತಿದ್ದಳು, ಹೆಸರು ಬಂದ ಮೇಲೂ ಕೈ ಇಳಿಸುವುದನ್ನು ಮರೆತು.

ಸ್ಟಾಫ್ ರೂಮಿನಲ್ಲಿ ಯಾರೋ "ಎಷ್ಟ್ ಸಣ್ಣ ಆಗಿದೀರಿ ಮೇಡಂ, ನಮ್ಗೂ ಹೇಳ್ಕೊಡಿ" ಎಂದರು. ಕುಸುಮ ನಕ್ಕು ಬಾಟಲಿಯಿಂದ ನೀರು ಕುಡಿದಳು. ಮೈಸೂರಿನ ಡಾಕ್ಟರು ಶಾಂತಮೂರ್ತಿ ದಿನಕ್ಕೆ ಮೂರು ಲೀಟರು ಕುಡಿಯಲು ಹೇಳಿದ್ದರು, ಇಲ್ಲವಾದರೆ ಮೂತ್ರಪಿಂಡದಲ್ಲಿ ಕಲ್ಲಾಗಬಹುದಂತೆ. ಎರಡು ತಿಂಗಳ ಹಿಂದೆ ಚೀಟಿ ಬರೆಯುತ್ತ ಅವರು ಹೇಳಿದ ಪ್ರತಿ ಮಾತೂ ಅವಳಿಗೆ ನೆನಪಿತ್ತು. ವಿಚಿತ್ರವೆಂದರೆ ಆ ಮಾತುಗಳು ಮಾತ್ರ ಒಂದೂ ತಪ್ಪಿಸಿಕೊಂಡಿರಲಿಲ್ಲ. "ಇದು ಮೊದಲಿಗೆ ಫಿಟ್ಸ್‌ಗೆ ಅಂತ ಬಂದ ಔಷಧಿ. ಅರೆತಲೆನೋವಿಗೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಆಮೇಲೆ ಗೊತ್ತಾಯ್ತು. ಬೆರಳ ತುದಿ ಜುಮ್ ಅನ್ನಬಹುದು. ಸೋಡಾ ಸಪ್ಪೆ ಅನ್ನಿಸಬಹುದು. ತೂಕ ಇಳಿಯಬಹುದು. ಕೆಲವರಿಗೆ ಮಾತಿಗೆ ಪದ ಸಿಗೋದು ಕಷ್ಟ ಆಗುತ್ತೆ, ಹಾಗಾದರೆ ಬನ್ನಿ, ನಿಧಾನಕ್ಕೆ ಕಡಿಮೆ ಮಾಡೋಣ. ನೀವಾಗಿ ಇದ್ದಕ್ಕಿದ್ದಂತೆ ಮಾತ್ರ ನಿಲ್ಲಿಸಬೇಡಿ." ಎಲ್ಲವನ್ನೂ ಬಸ್ಸಿನ ವೇಳಾಪಟ್ಟಿ ಕೇಳಿದ ಹಾಗೆ ಕೇಳಿದ್ದವಳಿಗೆ ಆ ಕೊನೆಯ ಮಾತಿಗೆ ಕತ್ತಿನ ಹಿಂದೆ ಬಿಸಿಯಾಗಿತ್ತು. ನಿಜ, ಈ ಎರಡು ತಿಂಗಳಲ್ಲಿ ಒಮ್ಮೆಯೂ ನೋವು ಬಂದಿರಲಿಲ್ಲ. ತಿಂಗಳಿಗೆ ನಾಲ್ಕು ದಿನ ಕಿಟಕಿಗೆ ಬೆಡ್‌ಶೀಟು ಕಟ್ಟಿ, ಬಕೆಟು ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದವಳು ಅವಳೇನಾ ಎಂಬಷ್ಟು ತಲೆ ಹಗುರವಾಗಿತ್ತು. ಹಗುರ ಅಂದರೆ ಖಾಲಿಯೂ. ಇವತ್ತಿನಿಂದ ತೆಗೆದುಕೊಳ್ಳುವುದಿಲ್ಲ ಎಂದು ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿರ್ಧರಿಸಿದಳು. ನಿರ್ಧರಿಸಿದ ಕೂಡಲೇ ಸಂತೋಷವಾಯಿತು, ಆ ಸಂತೋಷದ ಗುರುತು ಸಿಕ್ಕಿ ಭಯವೂ ಆಯಿತು. ಇದೇ ಸಂತೋಷವನ್ನು ಅವಳು ಹಿಂದೆಯೂ ಒಮ್ಮೆ ಪಟ್ಟಿದ್ದಳು, ಹನ್ನೆರಡನೇ ವಯಸ್ಸಿನಲ್ಲಿ, ಇನ್ನೊಬ್ಬರ ಮಾತ್ರೆಯನ್ನು ಕೈಯಲ್ಲಿಟ್ಟುಕೊಂಡು.

ಕೊಳ್ಳೇಗಾಲದ ಬಸ್ಸು ಮಾಂಬಳ್ಳಿ ದಾಟುವಾಗ ಗದ್ದೆಯ ಕಡೆಯಿಂದ ಹಸಿ ಹುಲ್ಲಿನ ವಾಸನೆ ಬಂತು. ಹಸಿ ಎಲೆಯ ಯಾವ ವಾಸನೆಯಾದರೂ ಅವಳನ್ನು ಹನೂರಿನ ಆಚೆಯ ಆ ಮನೆಯ ಹುಳದ ಕೋಣೆಗೆ ಕರೆದೊಯ್ಯುತ್ತಿತ್ತು. ಉದ್ದನೆಯ ಕೋಣೆ, ಒಂದರ ಮೇಲೊಂದು ಬಿದಿರ ತಟ್ಟೆ, ತಟ್ಟೆಗಳನ್ನು ಹೊತ್ತ ಮರದ ಸ್ಟ್ಯಾಂಡುಗಳು, ಇರುವೆ ಹತ್ತದಂತೆ ಪ್ರತಿ ಕಾಲಿನ ಕೆಳಗೆ ನೀರು ತುಂಬಿದ ಒಂದೊಂದು ಮಣ್ಣಿನ ಬಟ್ಟಲು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಅವರ ಕಡೆ ಜ್ವರ ಅನ್ನುತ್ತಿದ್ದರು. ನಾಲ್ಕು ಸಲ ಜ್ವರ ಬರುತ್ತದೆ. ಬಂದಾಗ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆಯನ್ನು ಎತ್ತಿ ಹಿಡಿದು ಒಂದು ದಿನ ಅಲ್ಲಾಡದೆ ಕೂರುತ್ತದೆ, ಇಡೀ ತಟ್ಟೆಯೇ ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ. ಗಂಡನ ಮನೆಯಾದ ಮಾರ್ಟಳ್ಳಿಯಿಂದ ಎಂಟೇ ತಿಂಗಳಿಗೆ ವಾಪಸು ಬಂದ ಅತ್ತೆಯೂ ಹಾಗೇ ಕೂರುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಪುಟ್ಟ ಬಿಳಿ ಮಾತ್ರೆ ಅವಳ ಫಿಟ್ಸನ್ನು ತಡೆದು, ಜೊತೆಗೆ ಕಣ್ಣು, ನಡಿಗೆ, ನಾಲಿಗೆಗಳ ಮೇಲೂ ಕಂಬಳಿ ಹೊದಿಸಿತ್ತು. ಒಲೆ ಹತ್ತಿರ ಬಿಡುವಂತಿಲ್ಲ, ಬಾವಿ ಹತ್ತಿರ ಬಿಡುವಂತಿಲ್ಲ ಎಂದು ಅಜ್ಜಿ ರಾಚಮ್ಮ ಮಗಳಿಗೆ ಹುಳ ನೋಡುವ ಕೆಲಸ ಕೊಟ್ಟಿದ್ದಳು. ಮೂರು ಜ್ವರದವರೆಗೆ ಏನೂ ತೊಂದರೆಯಿಲ್ಲ. ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಎಂಟು ದಿನ ಮಾತ್ರ ಹುಳುವಿನ ಹಸಿವಿಗೆ ತಳವೇ ಇಲ್ಲ, ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಬರೀ ನರ ಉಳಿದಿರುತ್ತದೆ, ಅಂಥಾದ್ದರಲ್ಲಿ ಅತ್ತೆ ಸೊಪ್ಪಿನ ಮಂಕರಿಗೆ ಒರಗಿ ತೂಕಡಿಸುತ್ತಿದ್ದಳು. "ಈ ಎಂಟ್ ದಿನ ಮಾತ್ರೆ ಬ್ಯಾಡ ಬುಡು ಮಗ," ಎಂದಳು ಅಜ್ಜಿ, ಮಾತ್ರೆಯ ಡಬ್ಬಿ ಕಾಯುತ್ತಿದ್ದ ಕುಸುಮಳಿಗೆ. "ಉಳ ಅಣ್ಣಾದ್ ಮ್ಯಾಕೆ ಒಟ್ಗೆ ಕೊಟ್ರಾಯ್ತು."

ಆ ಎಂಟು ದಿನ. ಮೂರನೇ ದಿನಕ್ಕೆ ಅತ್ತೆಯ ಕಣ್ಣು ತೆರೆಯಿತು. ನಾಲ್ಕನೇ ದಿನ ಸೊಪ್ಪು ಹರಡುತ್ತ ಅವಳು ಇದ್ದಕ್ಕಿದ್ದಂತೆ, "ಲೇ ಕುಸ್ಮಿ, ಈ ಉಳ ನೋಡೆ, ನಮ್ ಮಾವ್ನಂಗೇ ತಲೆ ಎತ್ಗಂಡದೆ, ಯಾರುನ್ ಬೈಯ್ಯಾಕೊ," ಎಂದಳು. ಕುಸುಮಳಿಗೆ ನಗು ಬರುವುದಕ್ಕೆ ಮೊದಲು ಆಶ್ಚರ್ಯವಾಗಿ ಬಾಯಿ ತೆರೆದಿತ್ತು. ಆಮೇಲೆ ಅತ್ತೆಯ ಮಾತು ನಿಲ್ಲಲೇ ಇಲ್ಲ. ಮಾರ್ಟಳ್ಳಿಯಲ್ಲಿ ಗಂಡನ ತಾಯಿ ಸೊಂಟದ ಮೇಲೆ ಕೈಯಿಟ್ಟು "ಎನ್ನಡಿ ಪಣ್ಣ್ರೇ ಅಂಗೆ?" ಎಂದು, ಅಲ್ಲೇನೇ ಮಾಡುತ್ತಿದ್ದೀ ಎಂದು, ತಮಿಳಿನಲ್ಲಿ ಗದರುವುದು, ಹನೂರು ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಟಿಕೇಟು ಕೇಳುವುದು, ದುಂಡಿರಾಶಿ ಎಂಬ ಕಾಡುಹಂದಿಯ ಮದುವೆಯ ಕಥೆ, ಅದು ಅವಳೇ ಕಟ್ಟಿದ್ದು, ದಿನಕ್ಕೊಂದು ತುಂಡು ಬೆಳೆಯುತ್ತಿತ್ತು. ಒನಕೆ, ಮೊರ, ಸಾರಣಿಗೆ, ಕಣಜ, ಎಲ್ಲ ಹೆಸರುಗಳೂ ಅವಳ ಬಾಯಿಗೆ ಓಡಿಬರುತ್ತಿದ್ದವು. ಸ್ಕೂಲಿನಿಂದ ಬಂದು ಚೀಲ ಎಸೆದು ಕುಸುಮ ಕೋಣೆಗೆ ನುಗ್ಗುತ್ತಿದ್ದಳು. ಹುಳುಗಳು ಹುಣಸೆಬೀಜ ಹುರಿದ ಹಾಗೆ ಸದ್ದು ಮಾಡುತ್ತ ಮೇಯುತ್ತಿರುವಾಗ ಅತ್ತೆಯ ದನಿ ಆ ಸದ್ದಿನ ಮೇಲೆ ಏರಿ ಇಳಿಯುತ್ತಿತ್ತು. ಈಗ ನಲವತ್ತಾರು ದಾಟಿದ ಮೇಲೂ ಸುಖ ಅಂದರೆ ಏನೆಂದು ಯಾರಾದರೂ ಕೇಳಿದರೆ ಕುಸುಮ ಹೇಳಲಾರದ ಉತ್ತರ ಅದೇ. ತಾನು ಕನ್ನಡ ಓದಿದ್ದು, ಮಾತಿನ ಬೆನ್ನು ಹತ್ತಿದ್ದು, ಎಲ್ಲ ಆ ಕೋಣೆಯಿಂದ ಎಂದು ಅವಳಿಗೆ ಗೊತ್ತಿತ್ತು. ಹುಳು ಮೇವು ಬಿಟ್ಟು ಹಣ್ಣಾಗಿ, ಒಂದೊಂದನ್ನೇ ಆರಿಸಿ ಸುರುಳಿ ಸುತ್ತಿದ ಬಿದಿರ ಚಂದ್ರಿಕೆಗೆ ಬಿಟ್ಟು, ಅವು ಗೂಡು ಕಟ್ಟಿ ಮುಗಿಸಿದ ದಿನ ಅಜ್ಜಿ ಮತ್ತೆ ಡಬ್ಬಿ ತೆಗೆಸಿದಳು. ಒಂದು ವಾರದಲ್ಲಿ ದುಂಡಿರಾಶಿಯ ಮದುವೆ ಅರ್ಧಕ್ಕೇ ನಿಂತಿತು. "ಮುಂದ್ಕೆ ಏನಾಯ್ತು ಅತ್ತೆ?" ಎಂದರೆ ಅತ್ತೆ, "ಯಾವ ಅಂದಿ?" ಎಂದಳು.

ಕೊಳ್ಳೇಗಾಲದಲ್ಲಿ ಇಳಿದು ಅಭ್ಯಾಸಬಲದಿಂದ ಗೋಲಿ ಸೋಡಾ ಕುಡಿದಳು. ಗೋಲಿ ಒಳಗೆ ಬಿದ್ದಾಗಿನ ಸದ್ದು ಹಳೆಯದೇ. ನಾಲಿಗೆಯ ಮೇಲೆ ಮಾತ್ರ ಅದು ಸತ್ತ ನೀರು. ಇನ್ನು ಸ್ವಲ್ಪ ದಿನ, ಎಂದುಕೊಂಡಳು. ಆದರೂ ಕಾಲುಗಳು ಮೆಡಿಕಲ್ ಸ್ಟೋರಿನ ಕಡೆಗೇ ಹೋದವು. ತೆಗೆದುಕೊಳ್ಳದಿದ್ದರೂ ಮನೆಯಲ್ಲಿರಲಿ, ಹೆದರುವವರ ನಿರ್ಧಾರಗಳು ಹೀಗೇ ಇರುತ್ತವೆ. ಅಂಗಡಿಯ ವೃಷಭೇಂದ್ರಪ್ಪ ಅವಳ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಮುಂದೆ ನಿಂತಿದ್ದ ಆರೇಳು ಜನಕ್ಕೂ ಕೇಳುವಂತೆ, "ಇದು ಪಿಡ್ಸ್ ಮಾತ್ರೆ ಅಲ್ವಾ ಮೇಡಂ? ಯಾರ್ಗೆ?" ಎಂದರು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಮಗುವನ್ನು ಸ್ವಲ್ಪ ಆ ಕಡೆಗೆ ಎಳೆದುಕೊಂಡಳು. ಎಳೆದುಕೊಳ್ಳದೆಯೂ ಇರಬಹುದು. "ನಮ್ಮತ್ತೆಗೆ," ಎಂದಳು ಕುಸುಮ. ಬೇಕಾದ ಮಾತು ಅಷ್ಟು ಬೇಗ ಬಂದದ್ದು ಇಡೀ ದಿನದಲ್ಲಿ ಅದೇ ಮೊದಲು.

"ಯಾರು, ಚಿಕ್ಕಮಾದಮ್ಮೋರ್ಗಾ?" ವೃಷಭೇಂದ್ರಪ್ಪ ಕನ್ನಡಕ ಹಣೆಗೇರಿಸಿದರು. "ಅವ್ರುದ್ ಬ್ಯಾರೆ ಅಲ್ವಾ? ನಿಮ್ ತಮ್ಮ ಮಾದೇವಸ್ವಾಮಿ ತಿಂಗ್ಳ್ ತಿಂಗ್ಳೂ ತಕೊಂಡೋಯ್ತರಲ್ಲ."

"ಡಾಕ್ಟ್ರು ಬದಲಾಯಿಸಿದಾರೆ."

"ಒಳ್ಳೇದಾಯ್ತು ಏಳಿದ್ದು. ಅವ್ರುದ್ ಕಟ್ಟಿಟ್ಟು ಮೂರ್ ದಿನ ಆಯ್ತು, ಸ್ವಾಮಿ ಬರ್ಲೇ ಇಲ್ಲ. ಅಂಗಾರೆ ಅದ್ನ ವಾಪಸ್ ಒಳಿಕ್ ಆಕ್ಬುಡ್ತೀನಿ. ಬಂದ್ರೂ ಬದ್ಲಾಗದೆ ಅಂತ ಏಳ್ತೀನಿ ಬುಡಿ."

ಕುಸುಮ ತಲೆಯಾಡಿಸಿದಳು. ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡು ನೂರು ಹೆಜ್ಜೆ ನಡೆದಳು, ಹಣ್ಣಿನ ಗಾಡಿ, ರೇಷ್ಮೆ ಸೀರೆಯ ಅಂಗಡಿಯ ಗಾಜು, ಗಾಜಿನಲ್ಲಿ ಸಣ್ಣಗಾದ ತಾನು. ಸಣ್ಣಗಾದ ತಾನು ಅಲ್ಲೇ ನಿಂತುಬಿಟ್ಟಳು. ಮೂರು ದಿನದಿಂದ ಬಂದಿಲ್ಲ ಅಂದರೆ ಹನೂರಿನ ಮನೆಯಲ್ಲಿ ಮಾತ್ರೆ ಮುಗಿದಿದೆ ಅಥವಾ ಇವತ್ತು ಮುಗಿಯುತ್ತದೆ. ತಮ್ಮ ನಾಳೆ ಬರುತ್ತಾನೆ, ಬದಲಾಗಿದೆ ಎಂದು ಇವರು ಹೇಳುತ್ತಾರೆ, ಅಕ್ಕನೇ ಹೇಳಿದ ಮೇಲೆ ಸರಿಯೇ ಎಂದು ಅವನು ಹೋಗುತ್ತಾನೆ. ತನ್ನಿಂದಲೇ, ಎರಡನೇ ಸಲ. ಮೈಯೆಲ್ಲ ಜುಮ್ಮೆಂದಿತು, ಅದು ಮಾತ್ರೆಯದೋ ಭಯದ್ದೋ ತಿಳಿಯಲಿಲ್ಲ. ಓಡುವಷ್ಟು ವೇಗವಾಗಿ ವಾಪಸು ಬಂದಳು. ಆ ಹೆಂಗಸು, ಮಗು, ಎಲ್ಲ ಇನ್ನೂ ಅಲ್ಲೇ ಇದ್ದರು.

"ವೃಷಭೇಂದ್ರಪ್ಪೋರೆ, ಆ ಮಾತ್ರೆ ನಂಗೆ."

"ಆಂ?"

"ಫಿಟ್ಸ್ ಮಾತ್ರೆ. ನಂಗೇ. ತಲೆನೋವಿಗೆ ಕೊಟ್ಟಿದಾರೆ. ನಮ್ಮತ್ತೆದು ಏನೂ ಬದಲಾಗಿಲ್ಲ, ಹಳೇದೇ. ನಾನ್ ಸುಳ್ಳು ಹೇಳ್ದೆ. ಅವರದು ಕೊಡಿ, ನಾನೇ ತಗೊಂಡು ಹೋಗ್ತೀನಿ."

ವೃಷಭೇಂದ್ರಪ್ಪ ಮುಂದಕ್ಕೆ ಬಾಗಿದರು. "ಅದುಕ್ಯಾಕ್ ಮೇಡಂ ಸುಳ್ಳು," ಎಂದು ಕೆಳದನಿಯಲ್ಲಿ, ಈಗ ಯಾರಿಗೂ ಕೇಳದ ಹಾಗೆ, ಅಂದರು. "ನಮ್ ಮನೆಯೋರ್ಗೂ ಅದ್ನೇ ಕೊಡಾದು, ನರದ್ ನೋವ್ಗೆ." ಪೊಟ್ಟಣ ಕೊಟ್ಟರು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಚಿಕ್ಕಮಾದಮ್ಮ, ಹನೂರು ಎಂದಿತ್ತು. ಮನೆಗೆ ಫೋನು ಮಾಡಿ ಬರುವುದು ಸ್ವಲ್ಪ ತಡ ಎಂದು ಹೇಳಿ, ಅವಳು ಹನೂರಿನ ಬಸ್ಸು ಹತ್ತಿದಳು.

ಮಧುವನಹಳ್ಳಿ ದಾಟಿತು. ತೊಡೆಯ ಮೇಲೆ ಎರಡು ಪೊಟ್ಟಣ, ಒಂದು ತನ್ನದು, ಒಂದು ಅತ್ತೆಯದು, ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಆ ಎಂಟು ದಿನದ ಮೇಲೆ, ಮುಂದಿನ ರೇಷ್ಮೆ ಬೆಳೆಯ ಹೊತ್ತಿಗೆ, ಯಾರೋ ನರ್ಸಮ್ಮ ಮನೆಗೆ ಬಂದು ಅಜ್ಜಿಯನ್ನು ಚೆನ್ನಾಗಿ ಬೈದಿದ್ದಳು, ಮಾತ್ರೆ ಬಿಡಿಸಿದರೆ ಜೀವಕ್ಕೇ ಬರುತ್ತದೆ, ಬದುಕಿದ್ದೇ ಪುಣ್ಯ ಎಂದು. ಅಜ್ಜಿ ಹೆದರಿ ಕುಸುಮಳನ್ನು ಕೂರಿಸಿಕೊಂಡು ಹೇಳಿದ್ದಳು: "ಜ್ವರ ಏಳ್ಲಿ, ಏನಾರಾ ಆಗ್ಲಿ, ಒಂದ್ ದಿನಾನೂ ತಪ್ಪುಸ್ಬ್ಯಾಡ ನನ್ ಮಗ್ಳೆ. ಸುಮ್ಕೆ ಕೊಟ್ಬುಟ್ ಬರ್ಬ್ಯಾಡ. ಬಾಯ್ ತೆಗ್ಸಿ ನೋಡು. ನಾಲ್ಗೆ ಎತ್ಸಿ ನೋಡು." ಆ ಮಾಘದಲ್ಲಿ ನಾಲ್ಕನೇ ಜ್ವರ ಎದ್ದ ಬೆಳಿಗ್ಗೆ ಕುಸುಮ ಡಬ್ಬಿ ತೆಗೆದು, ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಹುಳದ ಕೋಣೆಗೆ ಹೋದಳು. ಅತ್ತೆ ತಟ್ಟೆಯ ಮುಂದೆ ತಲೆಯೆತ್ತಿ ಕೂತಿದ್ದಳು. ಬಾಯಿ ತೆಗೆಸಲಿಲ್ಲ. ಬಗ್ಗಿ, ಸ್ಟ್ಯಾಂಡಿನ ಕಾಲಿನ ಕೆಳಗಿನ ಇರುವೆ ಬಟ್ಟಲಿಗೆ ಮಾತ್ರೆಯನ್ನು ಹಾಕಿದಳು. ಅದು ತಳದಲ್ಲಿ ಸ್ವಲ್ಪ ಹೊತ್ತು ಇದ್ದು, ಅಂಚಿನಿಂದ ಬಿಳಿಯ ಹೊಗೆಯಾಗಿ ಕರಗಿತು. ಹಂದಿಯ ಮದುವೆ ಏನಾಯಿತೆಂದು ತಿಳಿಯಬೇಕಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಅವಳು ಮೂವತ್ನಾಲ್ಕು ವರ್ಷ ಹುಡುಕಿದ್ದಾಳೆ, ಸಿಕ್ಕಿಲ್ಲ. ದಿನಕ್ಕೊಂದು ಬಟ್ಟಲು. ಬಿಳಿ ನೀರನ್ನು ನೋಡಿ ಅಜ್ಜಿ, ಹುಳಕ್ಕೆ ಉದುರಿಸುವ ಸುಣ್ಣ ಬಿದ್ದಿದೆ ಎಂದುಕೊಂಡು ಚೆಲ್ಲಿ ಬೇರೆ ನೀರು ತುಂಬುತ್ತಿದ್ದಳು. ನಾಲ್ಕನೇ ದಿನ ಅತ್ತೆ ನಕ್ಕಳು. ಐದನೇ ದಿನ ದುಂಡಿರಾಶಿ ಮದುವೆಮನೆಗೆ ಹೊರಟಿತು. ಏಳನೇ ದಿನ ಸ್ಕೂಲಿನಿಂದ ಓಡಿ ಬರುವಾಗ ಮನೆಯ ಮುಂದೆ ಜನವಿತ್ತು. ಚಳಿಗೆ ಹುಳು ಮಂಕಾಗದಿರಲೆಂದು ಕೋಣೆಯ ನಡುವೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು, ಸೊಪ್ಪಿನ ಮಂಕರಿಯೊಂದಿಗೆ ಅತ್ತೆ ಅದರ ಮೇಲೆ ಬಿದ್ದಿದ್ದಳು. ಎಡಗೈ. ಬೆರಳು ಮೂರು ಒಂದಕ್ಕೊಂದು ಅಂಟಿ ವಾಸಿಯಾದವು. ಅಮಾವಾಸ್ಯೆ ಹತ್ತಿರ ಇತ್ತಲ್ಲ ಎಂದರು ಊರಿನವರು. ಅಜ್ಜಿ ಕುಸುಮಳ ಕಡೆಗೆ ನೋಡಿ, "ಕೊಟ್ಟಿದ್ಯಲ್ಲ ಮಗ?" ಎಂದಳು. "ಊಂ." ಬಾಯಿ ತೆಗೆಯದೆ ಹೇಳಬಹುದಾದ ಸುಳ್ಳು ಅದು.

ಎಂಟು ವರ್ಷದ ಮೇಲೆ ಅಜ್ಜಿ ನಡುಮನೆಯಲ್ಲಿ ಮಲಗಿ ಉಸಿರೆಳೆಯುತ್ತಿದ್ದಾಗ ಎಲ್ಲರೂ ಸರದಿಯಲ್ಲಿ ಬಾಯಿಗೆ ಹಾಲು ಬಿಟ್ಟರು. ಅತ್ತೆಯನ್ನು ಮೂರು ಸಲ ಕರೆದರು. ಅವಳು ಹುಳವಿಲ್ಲದ ಹುಳದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಏಳಲಿಲ್ಲ. ಮಾತ್ರೆ ತಿಂದೂ ತಿಂದೂ ಕರುಳೇ ಇಲ್ಲದ ಹಾಗಾಯಿತು ಎಂದರು ಬಂದವರು. ಆಗ ಅವಳಿಗೆ ಬೇರೆ ಮಾತ್ರೆ ಶುರುವಾಗಿತ್ತು, ವಸಡು ಊದಿ ಹಲ್ಲಿನ ಅರ್ಧಕ್ಕೆ ಇಳಿದಿತ್ತು, ಮೇಲ್ದುಟಿಯ ಮೇಲೆ ಕೂದಲು ಕಪ್ಪಾಗಿತ್ತು. ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಎಲ್ಲ ಮಾತ್ರೆಯದೇ ಇರಬೇಕು ಎಂದು ಕುಸುಮಳೂ ನಂಬಿದ್ದಳು.

ಹನೂರಿನಲ್ಲಿ ಇಳಿದು ಆಟೋ ಹಿಡಿದು ಮನೆಗೆ ಬಂದಾಗ ಬಿಸಿಲು ಹಳದಿಯಾಗಿತ್ತು. ತಮ್ಮನ ಹೆಂಡತಿ ಯಶೋದ ಸಂಘದ ಮೀಟಿಂಗಿಗೆ ಹೊರಟಿದ್ದವಳು, "ಏನತ್ಗೆ, ಒಣಗ್ದ್ ಮೆಣ್ಸಿನ್‌ಕಾಯ್ ಆಗಿದೀರ!" ಎಂದು, ಪೊಟ್ಟಣ ನೋಡಿ, "ಅಯ್ಯೋ ನೀವೇ ತಂದ್ರಾ, ಇವ್ರುಗೆ ಏಳೀ ಏಳೀ ಸಾಕಾಗಿತ್ತು, ನಾಳೆ ಬೆಳುಗ್ಗೆಗೆ ಕಡೇದು," ಎಂದು ಅತ್ತೆಯ ಪೊಟ್ಟಣ ಒಳಗಿಟ್ಟು ಹೋದಳು. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಅಂಟಿದ ಬೆರಳುಗಳ ಕೈ ಹಣ್ಣನ್ನು ಇಕ್ಕಳದಂತೆ ಹಿಡಿದರೆ ಬಲಗೈ ಬೀಜ ಕೀಳುತ್ತಿತ್ತು, ಬಹಳ ನಿಧಾನವಾಗಿ, ಒಂದೂ ತಪ್ಪದೆ. ಹಲ್ಲುಗಳು ಬಿದ್ದ ಮೇಲೆ ವಸಡಿನ ಊತವೂ ಇಳಿದಿತ್ತು. ಈಗ ಅರವತ್ತೇಳಕ್ಕೆ ಅವಳು ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದಳು. "ಯಾರು, ಕುಸ್ಮಿಯಾ?" ಎಂದು ನಕ್ಕಳು. "ಕೂತ್ಗ. ಏನ್ ಈ ಒತ್ನಲ್ಲಿ, ಇಸ್ಕೂಲು ಇರ್ನಿಲ್ವಾ?"

ಕುಸುಮ ಎದುರಿಗೆ ಕೂತು ಒಂದು ಹಣ್ಣು ಎತ್ತಿಕೊಂಡಳು. ಎದುರಿನ ಹುಳದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಈಗ ತಮ್ಮನ ಬೈಕು, ಜೋಳದ ಮೂಟೆಗಳು. ಮೂಲೆಯಲ್ಲಿ ಗೋಡೆಗೆ ಆನಿಸಿದ ಆ ದುಂಡನೆಯ, ಸುರುಳಿ ಸುತ್ತಿದ ಬಿದಿರಿನ... ಅವಳು ನೋಡುತ್ತಲೇ ಇದ್ದಳು. ಸಿಗಲಿಲ್ಲ.

"ಅತ್ತೆ, ನಂಗೂ ನಿನ್ನ ಥರದ್ದೇ ಮಾತ್ರೆ ಕೊಟ್ಟವ್ರೆ," ಎಂದಳು. ಈ ಜಗಲಿಗೆ ಬಂದ ಕೂಡಲೇ ಅವಳ ನಾಲಿಗೆ ಊರಿನದಾಗುತ್ತಿತ್ತು. "ತಲೆನೋವ್ಗೆ."

"ನಿಂಗೂವಾ?" ಅತ್ತೆಯ ಕೈ ನಿಂತಿತು. "ಕಷ್ಟ ಕನವ್ವ."

"ಮಾತು ಸಿಗ್ದಂಗ್ ಆಯ್ತದೆ. ಮಕ್ಳ್ ಮುಂದೆ ಇವತ್ತು ಹೊಸ್ಲು ಅನ್ನಕ್ಕೆ ಬರ್ನಿಲ್ಲ. ಬುಟ್ಬುಡನ ಅಂತ ಇದೀನಿ."

"ಬುಟ್ಗಿಟ್ಟೀಯೆ!" ಎಂದಳು ಅತ್ತೆ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಕುಸುಮ ಬಹಳ ವರ್ಷಗಳಿಂದ ಕೇಳಿರಲಿಲ್ಲ. ಎಡಗೈಯನ್ನು ಹುಣಸೆ ಅಂಟಿನ ಸಮೇತ ಮುಂದೆ ಚಾಚಿದಳು. "ಇದ್ ನೋಡು. ಏಳ್ ದಿನ ಬುಟ್ಟಿದ್ದುಕ್ಕೆ. ನಮ್ಮವ್ವ ಬುಡುಸ್ದ್ಲು. ಉಳ ಮುಖ್ಯ ಆಯ್ತು ಅವ್ಳ್ಗೆ, ಎತ್ತ ಮಗ್ಳಲ್ಲ."

ಕುಸುಮಳ ಕೈಯಲ್ಲಿದ್ದ ಹಣ್ಣು ಮೆತ್ತಗಾಯಿತು. "ಅಜ್ಜಿ ಬುಡ್ಸಿದ್ಲು ಅಂತ ಯಾರು ಹೇಳ್ದೋರು?"

"ಯಾರ್ ಏಳ್ಬೇಕು? ಇಂದ್ಲ್ ಬೆಳೇಲೂ ಅವ್ಳೇ ಅಲ್ವಾ ಬುಡ್ಸಿದ್ದು. ನೀನ್ ಚಿಕ್ಕುಡ್ಗಿ, ಏಳ್ದಂಗ್ ಕೇಳ್ತಿದ್ದೆ. ಕೇಳನ ಅಂತ ಎಷ್ಟ್ ಸಲ ಬಾಯಿಗ್ ಬಂತು, ಕೇಳ್ನಿಲ್ಲ. ಸಾಯೋ ಒತ್ನಲ್ಲಿ ಕರುದ್ರಲ್ಲ, ಓಗ್ನಿಲ್ಲ ನಾನು. ನೋಡ್ದೆ ತಾನೆ ನೀನು."

ಆಗ ಹೇಳದೆ ಇರಬಹುದಿತ್ತು. ಅಜ್ಜಿ ಹೋಗಿ ಇಪ್ಪತ್ತಾರು ವರ್ಷ. ಅತ್ತೆಯ ದುಃಖಕ್ಕೆ ಒಂದು ಆಕಾರ ಬಂದುಬಿಟ್ಟಿತ್ತು, ಈ ಕೈಯ ಹಾಗೆ, ಅಂಟಿಕೊಂಡು, ಉಪಯೋಗಕ್ಕೂ ಬರುವಂತೆ. ಮಾತು ಸಿಗಲಿಲ್ಲ ಎಂದು ಕುಸುಮ ಮಾತ್ರೆಯ ಮೇಲೆ ಹಾಕಿ ಎದ್ದು ಹೋಗಬಹುದಿತ್ತು, ಬಸ್ಸಿಗೂ ಹೊತ್ತಾಗುತ್ತಿತ್ತು. ಮಾತು ಮಾತ್ರ ಈಗ ಎಲ್ಲ ಸಿಕ್ಕಿದ್ದವು, ಸಾಲಾಗಿ ನಿಂತಿದ್ದವು.

"ಅಜ್ಜಿ ಅಲ್ಲ ಅತ್ತೆ. ಅಜ್ಜಿ ಕೊಡು ಅಂದಿದ್ಲು. ಬಾಯ್ ತೆಗ್ಸಿ ನೋಡು ಅಂದಿದ್ಲು. ನಾನು ಕೊಡ್ನಿಲ್ಲ. ಇರ್ವೆ ಬಟ್ಲಿಗೆ ಹಾಕ್ದೆ."

ಒಂದು ಹುಣಸೆಬೀಜ ಜಗಲಿಯಿಂದ ಕೆಳಗೆ ಉರುಳಿತು. ಅತ್ತೆ, "ಯಾಕವ್ವಾ?" ಎಂದಳು.

"ನೀನ್ ಮಾತಾಡ್ಲಿ ಅಂತ. ಮಾತ್ರೆ ಬುಟ್ರೆ ಚಂದಾಗ್ ಮಾತಾಡ್ತಿದ್ದೆ. ಆ ಹಂದಿ ಕಥೆ, ದುಂಡಿರಾಶಿ..."

"ಯಾವ್ ಅಂದಿಯೋ." ಅತ್ತೆ ಕೋಣೆಯ ಕಡೆಗೆ ನೋಡುತ್ತಿದ್ದಳು. "ಎದ್ರಿಕೆಗ್ ಮಾತಾಡ್ತಿದ್ದೆ ಕನ ನಾನು. ಮಾತ್ರೆ ಇಲ್ದೋದ್ರೆ ತಲೆ ಒಳ್ಗೆ ಇರ್ವೆ ಅರ್ದಂಗೆ ಆಗದು. ಬಾಯ್ ನಿಲ್ಸುದ್ರೆ ಅದು ಬಂದ್ ಬೀಳುಸ್ಬುಡ್ತದೆ ಅಂತ. ಅದುಕ್ಕೇ ನಿಲ್ಲುಸ್ತಿರ್ನಿಲ್ಲ, ಏನ್ ಬಂದ್ರೆ ಅದಾ ಆಡ್ತಿದ್ದೆ. ನೀನು ಇಸ್ಕೂಲಿಂದ ಬರೋಗಂಟ ಉಳ್ಗಳತ್ರನೇ ಆಡ್ತಿದ್ದೆ."

ಮೂವತ್ನಾಲ್ಕು ವರ್ಷ ಕುಸುಮ ಹೊರಗಿನ ಬಿಸಿಲು ಸೋಕದಂತೆ ಇಟ್ಟುಕೊಂಡಿದ್ದ ಆ ಕೋಣೆ, ಹುಳುವಿನ ಸದ್ದಿನ ಮೇಲೆ ಏರಿ ಇಳಿಯುವ ಆ ದನಿ. ದನಿ ಅದೇ. ಅದರೊಳಗಿದ್ದದ್ದು ಬೇರೆ. ಬೀಳದಿರಲೆಂದು ಒಬ್ಬಳು ಮಾತನ್ನು ಹಿಡಿದುಕೊಂಡು ನೇತಾಡುತ್ತಿದ್ದಳು, ಕೆಳಗೆ ಕೂತವಳು ಮುಂದೇನಾಯಿತು, ಮುಂದೇನಾಯಿತು ಎಂದು ಕಾಲು ಎಳೆಯುತ್ತಿದ್ದಳು.

"ಅವ್ವುಂಗೆ ಒಂದ್ ಗುಟ್ಕು ಆಲ್ ಬುಡ್ನಿಲ್ಲ ನಾನು," ಎಂದಳು ಅತ್ತೆ. ಕುಸುಮಳಿಗೆ ಹೇಳಿದ್ದಲ್ಲ. ಹುಣಸೆಯ ರಾಶಿಯನ್ನು ಎರಡೂ ಕೈಯಿಂದ ಒಂದು ಕಡೆಗೆ ಸರಿಸಿದಳು, ಮತ್ತೆ ಇನ್ನೊಂದು ಕಡೆಗೆ ಸರಿಸಿದಳು. ಕಣ್ಣಲ್ಲಿ ನೀರು ಬಂದಿರಲಿಲ್ಲ. ಕೆನ್ನೆಯ ಚರ್ಮ ಮಾತ್ರ ಹುಳು ಪೊರೆ ಬಿಡುವ ಮೊದಲಿನ ಹಾಗೆ ಬಿಗಿಯಾಗಿ ಹೊಳೆಯುತ್ತಿತ್ತು. "ಮೂರ್ ಸಲ ಕರುದ್ರು."

ಅತ್ತೆಯ ಕಾಲು ಮುಟ್ಟಬೇಕೆಂದು ಕುಸುಮ ಬಗ್ಗಿದಳು. ಅತ್ತೆ ಕಾಲು ಒಳಗೆಳೆದುಕೊಂಡಳು. ಸಿಟ್ಟಿಗೋ, ಹುಣಸೆ ಅಂಟಿದೆ ಎಂದೋ, ತಿಳಿಯಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಇನ್ನು ಹೊರಡುವುದೇ ಒಳ್ಳೆಯದು ಎಂದು ಕುಸುಮ ಬ್ಯಾಗು ಹೆಗಲಿಗೇರಿಸಿ ಅಂಗಳಕ್ಕೆ ಇಳಿದಳು. ಇಳಿಯುವಾಗ ಕೋಣೆಯ ಮೂಲೆಯಲ್ಲಿ ಒರಗಿದ್ದದ್ದು ಚಂದ್ರಿಕೆ ಎಂದು ನೆನಪಾಯಿತು; ಈಗ ಯಾರಿಗೂ ಅದು ಬೇಕಿರಲಿಲ್ಲ.

"ಎಲ್ಗೋಯ್ತೀಯೆ?" ಅತ್ತೆ ಹೊಸ್ತಿಲ ಮೇಲೆ ನಿಂತಿದ್ದಳು, ಒಂದು ಕೈಯಲ್ಲಿ ನೀರಿನ ಚೊಂಬು, ಕಂಕುಳಲ್ಲಿ ಮಾತ್ರೆಯ ಡಬ್ಬಿ. ಅದೇ ಡಬ್ಬಿ, ಬಣ್ಣ ಹೋದ ಬಿಸ್ಕತ್ತಿನ ತಗಡು. "ಕೂತ್ಗ."

ಕುಸುಮ ಕೂತಳು. ಅತ್ತೆ ಡಬ್ಬಿಯಿಂದ ಸಂಜೆಯ ತನ್ನ ಎರಡು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು, ತಲೆಯನ್ನು ಹಿಂದಕ್ಕೆ ಎತ್ತಿ ನೀರು ಕುಡಿದಳು. ಬಾಯಿ ಒರೆಸಿಕೊಂಡಳು. ಅಂಟಿದ ಬೆರಳುಗಳ ಕೈಯನ್ನು ಚಾಚಿದಳು.

"ನಿಂದ್ ತಗಿ."

"ರಾತ್ರಿ ಊಟ ಆದ್ಮೇಲೆ ಅತ್ತೆ, ಮನೇಲಿ..."

"ತಗಿ ಅಂದೆ."

ಪಟ್ಟಿಯನ್ನು ಒಡೆಯಲು ಜುಮ್ಮೆನ್ನುವ ಬೆರಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಆ ಮಾತ್ರೆಯನ್ನು ತನ್ನ ಅಂಗೈಯ ಗುಳಿಗೆ ಹಾಕಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ಕುಸುಮಳ ನಾಲಿಗೆಯ ಮೇಲೆ ತಾನೇ ಇಟ್ಟಳು. ಬೆರಳು ಹುಳಿಯಾಗಿತ್ತು. ಚೊಂಬನ್ನು ಬಾಯಿಗೆ ಹಿಡಿದಳು. ಕುಸುಮ ನುಂಗಿದಳು.

"ಬಾಯ್ ತಗಿ," ಎಂದಳು ಅತ್ತೆ.

ಕುಸುಮ ಬಾಯಿ ತೆರೆದಳು. ಅತ್ತೆ ಅವಳ ಗದ್ದವನ್ನು ಬಲಗೈಯಲ್ಲಿ ಹಿಡಿದು ಪಡುವಣದ ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ, ಆ ಕಡೆ ಈ ಕಡೆ ಕೆನ್ನೆಯ ಒಳಗೆಲ್ಲ ನೋಡಿದಳು.

"ನಾಲ್ಗೆ ಎತ್ತು."